ತಲೆಹೊಟ್ಟಿಗೆ ‘ಬುಡಸಮೇತ ಗ್ಯಾರಂಟಿ’ ಅಂದರೆ ನಂಬಬೇಡಿ, ನಾನು ನಂಬಿ ಕೆಟ್ಟೆ

ತುಮಕೂರಿನಲ್ಲಿ ತಲೆಹೊಟ್ಟು, ನವೆ ಅಂತ ಒದ್ದಾಡುತ್ತಿರುವವರು ಇದನ್ನು ದಯವಿಟ್ಟು ಓದಿ. ಬರೆಯೋಕೆ ನಾಚಿಕೆ ಆಗುತ್ತದೆ, ಆದರೂ ಬರೆಯುತ್ತೇನೆ.

ನನ್ನದು ಎಂ.ಜಿ. ರಸ್ತೆಯ ಬಟ್ಟೆ ಅಂಗಡಿಯಲ್ಲಿ ಕೆಲಸ. ಆರು ವರ್ಷದಿಂದ ಹೊಟ್ಟು. ಸುಮ್ನೆ ಪುಡಿ ಅಲ್ಲ, ಹಳದಿ ಜಿಡ್ಡಿನ ಚಕ್ಕೆ. ಕಿವಿ ಹಿಂದೆ, ಹುಬ್ಬಲ್ಲೂ ಇತ್ತು. ಒಂದು ದಿನ ಕಪ್ಪು ಪ್ಯಾಂಟ್ ಪೀಸ್ ಬಿಚ್ಚಿ ತೋರಿಸುತ್ತಾ ಬಗ್ಗಿದೆ, ಅದರ ಮೇಲೆ ಬೆಳ್ಳಗೆ ಉದುರಿತು. ಗಿರಾಕಿ ಹೆಂಗಸು ಬೆರಳ ತುದಿಯಲ್ಲಿ ಕೊಡವಿ, “ಬೇರೆ ಪೀಸ್ ತೋರಿಸಪ್ಪ” ಅಂದರು. ಭೂಮಿ ಬಾಯಿ ಬಿಡಬಾರದಾ ಅನಿಸಿತು.

ಅವತ್ತೇ ಸಂಜೆ, ಮಹಡಿ ಮೇಲೆ ‘ಮೂಲಿಕೆ ಚಿಕಿತ್ಸೆ’ ಅಂತ ಬೋರ್ಡ್ ಹಾಕಿಕೊಂಡಿದ್ದ ಒಂದು ಕಡೆ ಹೋದೆ. ಹೆಸರು ಬರೆಯಲ್ಲ. ತಲೆ ಮೇಲೆ ಪುಟ್ಟ ಕ್ಯಾಮೆರಾ ಇಟ್ಟು ಪರದೆಯಲ್ಲಿ ತೋರಿಸಿದರು. “ನೋಡಿ ಸಾರ್, ಕೂದಲ ಬುಡ ಕೊಳೀತಾ ಇದೆ. ಇನ್ನಾರು ತಿಂಗಳು ಬಿಟ್ರೆ ಬೋಳು.” ಅಷ್ಟು ದೊಡ್ಡದು ಮಾಡಿ ತೋರಿಸಿದರೆ ಯಾರ ತಲೆಯಾದರೂ ಹಂಗೇ ಕಾಣುತ್ತದೆ, ಅಲ್ವಾ? ಆಗ ಹೊಳೆಯಲಿಲ್ಲ. ಮೂರು ತಿಂಗಳಿಗೆ 7,500 ರೂಪಾಯಿ ಕಟ್ಟಿದೆ. ಒಂದು ಎಣ್ಣೆ, ಒಂದು ಪುಡಿ, ಒಂದು ಸಣ್ಣ ಬಾಟಲಿ ‘ಮೂಲಿಕೆ ರಸ’. ಬಿಲ್ ಕೇಳಿದರೆ ವಿಸಿಟಿಂಗ್ ಕಾರ್ಡ್ ಹಿಂದೆ ಬರೆದುಕೊಟ್ಟರು.

ಹತ್ತೇ ದಿನಕ್ಕೆ ತಲೆ ಕ್ಲೀನ್. ಖುಷಿಯಲ್ಲಿ ಬಾಮೈದನನ್ನೂ ಕರೆದುಕೊಂಡು ಹೋಗಿ ಸೇರಿಸಿದೆ. ನಾನೇ ಸೇರಿಸಿದೆ! ಇದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಮೂರು ತಿಂಗಳಾದ ಮೇಲೆ ರಸ ಮುಗಿಯಿತು. ನಾಲ್ಕು ದಿನ ಹಚ್ಚಲಿಲ್ಲ. ತಲೆಗೆ ಬೆಂಕಿ ಬಿದ್ದಂಗಾಯಿತು. ಮೊದಲಿಗಿಂತ ಜಾಸ್ತಿ ನವೆ, ಹಣೆ ಅಂಚೆಲ್ಲ ಕೆಂಪು. ವಾಟ್ಸಾಪ್ ಮಾಡಿದರೆ, “ನಂಜು ಹೊರಗೆ ಬರ್ತಿದೆ ಸಾರ್, ಒಳ್ಳೇದೇ.” ಎರಡು ದಿನ ಬಿಟ್ಟು ಕೇಳಿದರೆ, “ಪಥ್ಯ ಮಾಡಿದ್ರಾ? ಬದನೆಕಾಯಿ, ಕೋಳಿ ತಿಂದ್ರಾ?” ಭಾನುವಾರ ಕೋಳಿ ಸಾರು, ಮುದ್ದೆ ತಿಂದಿದ್ದೆ. ನನ್ನದೇ ತಪ್ಪು ಅಂದುಕೊಂಡು 900 ಕೊಟ್ಟು ಇನ್ನೊಂದು ಬಾಟಲಿ ತಂದೆ.

ಅದೇ ಬಾಟಲಿ ಬಚ್ಚಲಲ್ಲಿ ನೆನೆದು ಲೇಬಲ್ಲಿನ ಅಂಚು ಎದ್ದಿತ್ತು. ಉಗುರಲ್ಲಿ ಎಬ್ಬಿಸಿದೆ. ಎಲೆ ಚಿತ್ರದ ಕಾಗದದ ಕೆಳಗೆ ಇನ್ನೊಂದು ಲೇಬಲ್. ಕ್ಲೋಬೆಟಾಸಾಲ್ 0.05%, ಸ್ಯಾಲಿಸಿಲಿಕ್ ಆಸಿಡ್ 3%. ಮೆಡಿಕಲ್ ಸ್ಟೋರಿನ ಸ್ಟೀರಾಯ್ಡ್ ಲೋಷನ್, ಅಂದರೆ ನವೆ, ಕೆಂಪನ್ನು ಅದುಮಿಡುವ ಔಷಧಿ! ಬಚ್ಚಲಲ್ಲೇ ಕೂತುಬಿಟ್ಟೆ. ಮೂರು ತಿಂಗಳು ದಿನಾ ತಿಕ್ಕಿದ್ದೆನಲ್ಲ.

ಹೋಗಿ ಕೇಳಿದೆ. “ಬಾಟ್ಲಿ ಮಾತ್ರ ಅದು ಸಾರ್, ಒಳಗಿರೋದು ನಮ್ಮ ರಸ.” ಸೀಲ್ ಇತ್ತಲ್ರೀ ಅಂದೆ. “ನಾವೂ ಸೀಲ್ ಹಾಕ್ತೀವಿ ಸಾರ್.” ದುಡ್ಡು ವಾಪಸ್ ಕೊಡಿ ಅಂದೆ. “ಬಿಲ್ ಇದ್ಯಾ?” ಬಿಲ್ ಇದ್ಯಾ ಅಂತ ನನ್ನನ್ನೇ ಕೇಳುತ್ತಾರೆ! ರಾತ್ರಿಗೆ ನಂಬರ್ ಬ್ಲಾಕ್.

ಆಮೇಲೆ ಚರ್ಮದ ಡಾಕ್ಟರ್ ಹತ್ತಿರ ಹೋದೆ. ಮೊದಲೇ ಹೋಗಬೇಕಿತ್ತು. ಇದು ಸೆಬೊರಿಕ್ ಡರ್ಮಟೈಟಿಸ್ ಅಂತೆ, ಅಂದರೆ ಜಿಡ್ಡಿರುವ ಕಡೆ ಚರ್ಮ ಕೆರಳಿ ಚಕ್ಕೆ ಏಳುವ ಕಾಯಿಲೆ. ಮಲಸೀಜಿಯಾ ಅನ್ನುವ ಶಿಲೀಂಧ್ರ ಎಲ್ಲರ ತಲೆಯಲ್ಲೂ ಇರುತ್ತದೆ, ಜಿಡ್ಡೇ ಅದಕ್ಕೆ ಊಟ. ಕೆಲವರ ಚರ್ಮ ಅದಕ್ಕೆ ಕೆರಳುತ್ತದೆ. ನಾನೋ ದಿನಾ ಎಣ್ಣೆ ಸುರಿದು ಸಾಕುತ್ತಿದ್ದೆ. ಕ್ಲೋಬೆಟಾಸಾಲ್ ತುಂಬಾ ಜೋರಾದ ಸ್ಟೀರಾಯ್ಡ್, ಸಾಮಾನ್ಯವಾಗಿ ಸತತ ಎರಡು ವಾರಕ್ಕಿಂತ ಹೆಚ್ಚು ಹಚ್ಚಬಾರದಂತೆ. ನನ್ನ ಹಣೆ ಅಂಚಲ್ಲಿ ಚರ್ಮ ತೆಳುವಾಗಿ ಕೆಂಪು ನರ ಕಾಣುತ್ತಿದೆ. ಈಗ ಆ ಶಿಲೀಂಧ್ರವನ್ನು ತಗ್ಗಿಸುವ ಕೀಟೊಕೊನಜೋಲ್ 2% ಶಾಂಪೂ, ವಾರಕ್ಕೆರಡು ಸಲ. ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯಬೇಕು. ತಿಂಗಳಿಗೆ ಸುಮಾರು ಹಿಡಿತಕ್ಕೆ ಬಂತು. “ಪೂರ್ತಿ ಹೋಗಲ್ಲ, ಬಂದು ಹೋಗಿ ಮಾಡುತ್ತೆ” ಅಂದರು ಡಾಕ್ಟರ್. ಗ್ಯಾರಂಟಿ ಅಂತ ಒಂದು ಮಾತೂ ಇಲ್ಲ. ಅದಕ್ಕೇ ನಂಬಿಕೆ ಬಂತು.

ಆಯುರ್ವೇದದ ಔಷಧಿಯಾದರೂ ಬಾಟಲಿ ಮೇಲೆ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್ ಇರಲೇಬೇಕು, ನೋಡಿ. ಬಿಲ್ ಇಲ್ಲದೆ ದುಡ್ಡು ಬಿಚ್ಚಬೇಡಿ. ಈಗಾಗಲೇ ಇಂಥದ್ದು ಹಚ್ಚುತ್ತಿದ್ದರೆ ಬಾಟಲಿ ಎಸೆಯಬೇಡಿ, ಹಿಡಿದುಕೊಂಡು ಡಾಕ್ಟರ್ ಹತ್ತಿರ ಹೋಗಿ.

ಬಾಮೈದನ 7,500 ನಾನೇ ತುಂಬಿಕೊಡಬೇಕು ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ಎರಡು ಕಂತು ಕೊಟ್ಟೆ. ಅವನು ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ.