ನೂರು ಡಾಲರಿನ ಕರೆಯಂತ್ರ, ಐನೂರು ಡಾಲರಿನ ಕರೆಯಂತ್ರ, ಒಂದು ಪೀಪಿ: ಕಾಯೋಟಿ ಬೇಟೆಯಲ್ಲಿ ನಾಲ್ಕು ತಿಂಗಳ ಹೋಲಿಕೆ

ಟೆಕ್ಸಸ್ ರಾಜ್ಯದ ಎಡ್ವರ್ಡ್ಸ್ ಪ್ರಸ್ಥಭೂಮಿಯಲ್ಲಿ ಮೇಕೆ ಸಾಕುವವರಿಗೆ ಚಳಿಗಾಲದ ಕೊನೆಯೆಂದರೆ ಮರಿಗಳು ಹುಟ್ಟುವ ಕಾಲ, ನರಿ, ತೋಳಗಳ ಬಳಗಕ್ಕೆ ಸೇರಿದ ಕಾಯೋಟಿಗಳ ಕಾಟಕ್ಕೆ ನಿದ್ದೆಗೆಡುವ ಕಾಲವೂ ಅದೇ. ಚಳ್ಳಕೆರೆ ಕಡೆಯ ಕುರಿ ಸಾಕುವ ಮನೆಯಲ್ಲಿ ಬೆಳೆದ ನನಗೆ ಮರಿ ಕಳೆದುಕೊಳ್ಳುವ ಸಂಕಟ ಹೊಸದಲ್ಲ. ಆದರೆ ಇಲ್ಲಿ 70 ಎಕರೆ ನೆಲದಲ್ಲಿ ಮೇಕೆ ಸಾಕಲು ತೊಡಗಿದ ಮೇಲೆ, ಒಂದೇ ಹಂಗಾಮಿನಲ್ಲಿ 9 ಮರಿಗಳು ಹೋದಾಗ, ಬೇಲಿಯನ್ನು ಬಿಗಿ ಮಾಡಿಸಿ ಎರಡು ಗ್ರೇಟ್ ಪಿರನೀಸ್ ಕಾವಲು ನಾಯಿಗಳನ್ನು ತಂದದ್ದು ಸಾಲದೆಂದು ತಿಳಿಯಿತು. ದೊಡ್ಡಿಯ ರುಚಿ ಕಂಡು ಮತ್ತೆ ಮತ್ತೆ ಬರುವ ಕಾಯೋಟಿಗಳನ್ನು ಕರೆದು ಹೊಡೆಯದೆ ಬೇರೆ ದಾರಿಯಿಲ್ಲವೆಂದು ನೆರೆಯ ಹಳೆಯ ಮೇಕೆಗಾರರೆಲ್ಲ ಹೇಳಿದರು.

ಕಾಯೋಟಿ ನಮ್ಮ ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು; ಇಲ್ಲಿನವು ಸಾಮಾನ್ಯವಾಗಿ 10ರಿಂದ 18 ಕಿಲೊ ತೂಗುತ್ತವೆ. ಟೆಕ್ಸಸ್‌ನಲ್ಲಿ ಇದರ ಬೇಟೆಗೆ ನಿಷೇಧದ ತಿಂಗಳುಗಳಿಲ್ಲ, ಪ್ರಾಣಿಗಳ ದನಿ ನುಡಿಸಿ ಅದನ್ನು ಹತ್ತಿರಕ್ಕೆ ಸೆಳೆಯುವ ಎಲೆಕ್ಟ್ರಾನಿಕ್ ಕರೆಯಂತ್ರ ಬಳಸಲು ಅಡ್ಡಿಯೂ ಇಲ್ಲ. ಸಾಮಾನ್ಯವಾಗಿ ಬೇಟೆಯ ಪರವಾನಗಿ ಇರಬೇಕು, ನೆಲದ ಒಡೆಯರ ಒಪ್ಪಿಗೆಯಂತೂ ಬೇಕೇ ಬೇಕು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನರಿ, ತೋಳಗಳ ಬೇಟೆ ಅಪರಾಧವಾದ್ದರಿಂದ ಊರಿನಲ್ಲಿರುವ ಓದುಗರಿಗೆ ಈ ಬರಹದ ಉಪಯೋಗ ತಿಳಿವಳಿಕೆಯಷ್ಟೇ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಕರೆಯುವ ವಿದ್ಯೆಯ ಮೂಲ ಬಹಳ ಸರಳವಾದುದು. ಗಾಯಗೊಂಡ ಮೊಲದ ಅರಚು ಕೇಳಿದರೆ ಹಸಿದ ಕಾಯೋಟಿ ಸುಲಭದ ಊಟವೆಂದು ಬರುತ್ತದೆ. ಜನವರಿ, ಫೆಬ್ರವರಿಯ ಕೂಡುವ ಕಾಲದಲ್ಲಿ ಬೇರೊಂದು ಕಾಯೋಟಿಯ ಊಳು ಕೇಳಿದರೆ ತನ್ನ ಎಲ್ಲೆಗೆ ಬಂದವರಾರೆಂದು ನೋಡಲು ಬರುತ್ತದೆ. ಇದೇ ರಾಜ್ಯದ ಮಾರ್ಬಲ್ ಫಾಲ್ಸ್ ಊರಿನ ಬರ್ನ್‌ಹ್ಯಾಮ್ ಸಹೋದರರು 1950ರ ದಶಕದಲ್ಲಿ ಬಾಯಿಯಿಂದ ಊದುವ ಕರೆಪೀಪಿಗಳನ್ನು ಮಾರಿ ಹೆಸರಾದರು. ಅನಂತರ ಗ್ರಾಮೊಫೋನ್ ತಟ್ಟೆ, ಕ್ಯಾಸೆಟ್ ಬಂದು, ಈಗ ರಿಮೋಟ್ ಇರುವ ಡಿಜಿಟಲ್ ಯಂತ್ರಗಳ ಕಾಲ. ನನ್ನ ಮುಂದಿದ್ದ ಪ್ರಶ್ನೆ ಒಂದೇ: 100 ಡಾಲರಿನ ಯಂತ್ರದಿಂದ ಕೆಲಸವಾಗುತ್ತದೆಯೇ, ಅಥವಾ 500 ಡಾಲರ್ ಕೊಡಲೇಬೇಕೇ?

ಇದನ್ನು ತಿಳಿಯಲು ನವೆಂಬರ್ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ ಒಟ್ಟು 36 ಸಲ ಹೊಂಚು ಕುಳಿತೆ. ಅಗ್ಗದ ಯಂತ್ರದೊಂದಿಗೆ 14 ಸಲ, ನೆರೆಯವರು ಎರವಲು ಕೊಟ್ಟ ದುಬಾರಿ ಯಂತ್ರದೊಂದಿಗೆ 12 ಸಲ, 15 ಡಾಲರಿನ ಪೀಪಿಯೊಂದಿಗೆ 10 ಸಲ. ಒಂದೇ ಜಾಗದಲ್ಲಿ ಎರಡು ವಾರಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಕರೆಯಲಿಲ್ಲ, ಒಮ್ಮೆ ಕುಳಿತರೆ 20 ನಿಮಿಷಕ್ಕೆ ಮೊದಲು ಏಳಲಿಲ್ಲ. ಕಾವಲು ನಾಯಿಗಳಿರುವ ದೊಡ್ಡಿಯಿಂದ ಕನಿಷ್ಠ ಮುಕ್ಕಾಲು ಮೈಲಿ ದೂರ ಹೋಗುತ್ತಿದ್ದೆ, ಏಕೆಂದರೆ ಮೊಲದ ಅರಚಿಗೆ ಮೊದಲು ಓಡಿಬರುವುದು ನಮ್ಮದೇ ನಾಯಿ. ಅದು ಅತ್ತ ಬಂದಾಗ ಇತ್ತ ಮೇಕೆಗಳಿಗೆ ಕಾವಲಿರುವುದಿಲ್ಲ. ಫೋನಿಗೆ ಬ್ಲೂಟೂತ್ ಸ್ಪೀಕರ್ ಜೋಡಿಸಿ ಎರಡು ಬಾರಿ ನೋಡಿದ್ದೂ ಉಂಟು. ಸ್ಪೀಕರನ್ನು ಹದಿನೈದು ಹೆಜ್ಜೆ ಆಚೆ ಇಟ್ಟೊಡನೆ ಶಬ್ದ ತುಂಡು ತುಂಡಾಯಿತು, ಎರಡನೆಯ ಬಾರಿ ಯಾರದೋ ಕರೆ ಬಂದು ಮೊಲದ ಅರಚಿನ ನಡುವೆ ರಿಂಗ್‌ಟೋನ್ ಮೊಳಗಿತು. ಆ ಪ್ರಯೋಗವನ್ನು ಅಲ್ಲಿಗೇ ಬಿಟ್ಟೆ, ಲೆಕ್ಕಕ್ಕೂ ಸೇರಿಸಿಲ್ಲ.

ಅಗ್ಗದ ಯಂತ್ರ ಎರಡು ಅಂಗೈ ಸೇರಿಸಿದಷ್ಟು ದೊಡ್ಡದು, ನಾಲ್ಕು ಎಎ ಸೆಲ್‌ಗಳಿಂದ ನಡೆಯುತ್ತದೆ, ಒಳಗೆ 12 ಶಬ್ದಗಳಿವೆ. ಅವುಗಳನ್ನು ಬದಲಾಯಿಸಲು ಬರುವುದಿಲ್ಲ. ಹನ್ನೆರಡೇ ಎಂಬುದು ಕೊರತೆಯೆಂದು ಕೊಳ್ಳುವಾಗ ಅನ್ನಿಸಿತ್ತು, ಆದರೆ ನಾಲ್ಕು ತಿಂಗಳಲ್ಲಿ ನಾನು ನಿಜವಾಗಿ ಬಳಸಿದ್ದು ನಾಲ್ಕನ್ನು ಮಾತ್ರ: ಎರಡು ಬಗೆಯ ಮೊಲ, ಒಂದು ಹಕ್ಕಿ, ಒಂದು ಕಾಯೋಟಿ ಮರಿಯ ಗೋಳು. ಮೊಲದ ಅರಚು ಈ ಚಿಕ್ಕ ಸ್ಪೀಕರಿನಲ್ಲಿ ಚೊಕ್ಕವಾಗಿ ಬರುತ್ತದೆ, ಏಕೆಂದರೆ ಅದು ತೀಕ್ಷ್ಣ ಸ್ವರ. ಚಿಕ್ಕ ಸ್ಪೀಕರಿಗೆ ಒಗ್ಗುವುದು ಅಂಥದೇ. ಊಳಿನ ಮಾತು ಬೇರೆ. ಅದರ ತುಂಬು ಸ್ವರಕ್ಕೆ ಬೇಕಾದ ಗಾತ್ರ ಈ ಸ್ಪೀಕರಿಗಿಲ್ಲ. ಶಬ್ದ ಏರಿಸಿದಷ್ಟೂ ಊಳು ಒಡೆದು ತಗಡು ಬಡಿದಂತಾಗುತ್ತದೆ. ಆದ್ದರಿಂದ ಜನವರಿಯಲ್ಲಿ, ಊಳೇ ಹೆಚ್ಚು ಫಲ ಕೊಡುವ ದಿನಗಳಲ್ಲಿ, ಈ ಯಂತ್ರ ಅರ್ಧ ಕೈಕಟ್ಟಿ ಕುಳಿತಂತಾಯಿತು.

ಇದರ ಇನ್ನೆರಡು ದೋಷಗಳನ್ನು ಪೆಟ್ಟಿಗೆಯ ಮೇಲಿನ ಬರಹ ಹೇಳುವುದಿಲ್ಲ, ಹೊಲದಲ್ಲಿಯೇ ಕಲಿಯಬೇಕು. ಶಬ್ದ ಸುಮಾರು ಅರ್ಧ ನಿಮಿಷ ನಡೆದು ಮತ್ತೆ ಮೊದಲಿನಿಂದ ಶುರುವಾಗುತ್ತದೆ, ನಡುವೆ ಕಿವಿಗೆ ಗೊತ್ತಾಗುವಂಥ ಒಂದು ಬಿರುಕಿದೆ. ಡಿಸೆಂಬರಿನ ಒಂದು ಬೆಳಗ್ಗೆ 150 ಗಜ ದೂರದಲ್ಲಿ ನಿಂತ ಕಾಯೋಟಿಯೊಂದು ಅದೇ ಅರಚನ್ನು ಐದಾರು ಸುತ್ತು ಕೇಳಿ, ಕುಳಿತು, ಎದ್ದು, ಬಂದ ದಾರಿಯಲ್ಲೇ ಹೋಯಿತು. ಆ ಬಿರುಕೇ ಕಾರಣವೆಂದು ಆಣೆಯಿಟ್ಟು ಹೇಳಲಾರೆ. ಆದರೆ ಆಮೇಲೆ ಒಂದು ನಿಮಿಷ ನುಡಿಸಿ ಎರಡು ನಿಮಿಷ ಸುಮ್ಮನಿರಿಸುವ ಕ್ರಮ ಹಿಡಿದ ಮೇಲೆ ಅಂಥದು ಮರುಕಳಿಸಲಿಲ್ಲ. ಎರಡನೆಯದು ರಿಮೋಟ್. ಪೆಟ್ಟಿಗೆಯ ಮೇಲೆ 300 ಗಜವೆಂದು ಬರೆದಿದೆ. ಯಂತ್ರವನ್ನು ನೆಲದ ಮೇಲಿಟ್ಟಾಗ ನನಗೆ ಸಿಕ್ಕಿದ್ದು 70 ಗಜ. ಎದೆಯೆತ್ತರದ ಕೊಂಬೆಗೆ ತೂಗಿಹಾಕಿದಾಗ 160 ಗಜ. ರೇಡಿಯೊ ಅಲೆಗೆ ನೆಲ, ಹುಲ್ಲು, ಬಂಡೆ ಎಲ್ಲವೂ ಅಡ್ಡಿಯೇ. ಇಲ್ಲಿ ಅದಕ್ಕೆ ಮೆಸ್ಕೀಟ್ ಮರಗಳು ಬೇಕಾದಷ್ಟಿವೆ. ನಮ್ಮ ಬಳ್ಳಾರಿ ಜಾಲಿಯ ಒಡಹುಟ್ಟಿದವೆಂದೇ ಹೇಳಬಹುದಾದ ಮರಗಳು ಅವು, ಮುಳ್ಳಿನ ಹರಿತವೂ ಅಷ್ಟೇ. ರಿಮೋಟಿನಲ್ಲಿ ಪರದೆಯಿಲ್ಲದ ಕಾರಣ ಒತ್ತಿದ ಆಜ್ಞೆ ತಲುಪಿತೋ ಇಲ್ಲವೋ ಎಂಬುದನ್ನು ಕಿವಿಯಿಂದಲೇ ತಿಳಿಯಬೇಕು. ಗಾಳಿ ಜೋರಿದ್ದರೆ ಅದೂ ಕಷ್ಟ.

ಸೆಲ್‌ಗಳ ವಿಷಯಕ್ಕೆ ಎರಡು ಮಾತು ಹೆಚ್ಚಾಗಿಯೇ ಹೇಳಬೇಕು, ಏಕೆಂದರೆ ಅಗ್ಗದ ಯಂತ್ರ ಕೆಟ್ಟಿತೆಂದು ಜನ ಹಿಂದಿರುಗಿಸುವ ಎಷ್ಟೋ ಪ್ರಸಂಗಗಳಲ್ಲಿ ಕೆಟ್ಟಿರುವುದು ಸೆಲ್ ಇರಬಹುದೆಂಬುದು ನನ್ನ ಅನಿಸಿಕೆ. ಸಾಮಾನ್ಯ ಆಲ್ಕಲೈನ್ ಸೆಲ್ ನಾಲ್ಕು ಸೇರಿದರೆ 6 ವೋಲ್ಟ್, ಮರುಚಾರ್ಜ್ ಮಾಡುವ ನಿಕಲ್ ಸೆಲ್ ನಾಲ್ಕು ಸೇರಿದರೆ 4.8 ವೋಲ್ಟ್. ಈ ಅಂತರ ಶಬ್ದದ ಎತ್ತರದಲ್ಲಿ ಕೇಳಿಸುತ್ತದೆ. ಹಿಮ ಬಿದ್ದ ಬೆಳಗಿನಲ್ಲಿ ಆಲ್ಕಲೈನ್ ಕೂಡ ಬೇಗ ಸೋಲುತ್ತದೆ. ನಾನು ಕೊನೆಗೆ ಲಿಥಿಯಂ ಎಎ ಸೆಲ್‌ಗಳಿಗೆ ಬಂದೆ. ಬೆಲೆ ಹೆಚ್ಚು, ಆದರೆ ಚಳಿಗೆ ಜಗ್ಗುವುದಿಲ್ಲ, ತೂಕವೂ ಕಡಿಮೆ.

ಈಗ ದುಬಾರಿ ಯಂತ್ರ. ಫೋನಿನ ಆ್ಯಪ್‌ನಿಂದ ಅಳೆದಾಗ ಒಂದೇ ದೂರದಲ್ಲಿ ಎರಡರ ನಡುವೆ ಸುಮಾರು 10 ಡೆಸಿಬಲ್ ಅಂತರ ಕಂಡಿತು. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಶಬ್ದ 6 ಡೆಸಿಬಲ್ ಇಳಿಯುವುದರಿಂದ, ಗಾಳಿಯಿಲ್ಲದ ತೆರಪಿನಲ್ಲಿ ಈ ಅಂತರದ ಅರ್ಥ ಸುಮಾರು ಮೂರು ಪಟ್ಟು ದೂರ. ಪಶ್ಚಿಮ ಟೆಕ್ಸಸ್‌ನ ಬಟಾಬಯಲಿನಲ್ಲಿ ಕರೆಯುವವರಿಗೆ ಇದೊಂದೇ ಕಾರಣಕ್ಕೆ 500 ಡಾಲರ್ ಸಾರ್ಥಕವಾಗಬಹುದು. ನನ್ನ ನೆಲ ಹಾಗಿಲ್ಲ. ಜೂನಿಪರ್ ಪೊದೆ, ಸುಣ್ಣದ ಕಲ್ಲಿನ ದಿಬ್ಬ, ಪಾಪಾಸುಕಳ್ಳಿ ಇವುಗಳ ನಡುವೆ 300 ಗಜಕ್ಕಿಂತ ದೂರ ನೋಟವೇ ಹಾಯುವುದಿಲ್ಲ. ಇಲ್ಲಿ ಹತ್ತಿರವೇ ಮಲಗಿರುವ ಪ್ರಾಣಿಗೆ ಮೊದಲ ಕ್ಷಣದಲ್ಲಿಯೇ ಪೂರ್ತಿ ಶಬ್ದ ಬಿಟ್ಟರೆ ಅದು ಎದ್ದು ಓಡುತ್ತದೆ. ನೆರೆಯವರ ಯಂತ್ರವನ್ನು ಮೊದಲ ಎರಡು ದಿನ ನಾನು ಬಳಸಿದ್ದು ಹಾಗೆಯೇ, ಎರಡು ದಿನವೂ ಬರಿಗೈ. ಮೆಲ್ಲಗೆ ಶುರುಮಾಡಿ ಐದು ನಿಮಿಷಕ್ಕೊಮ್ಮೆ ಏರಿಸಬೇಕೆಂಬ ಪಾಠ ಎರಡು ಯಂತ್ರಗಳಿಗೂ ಒಂದೇ.

ದುಬಾರಿ ಯಂತ್ರದ ನಿಜವಾದ ಹೆಚ್ಚುಗಾರಿಕೆ ಊಳಿನಲ್ಲಿದೆ. ಫೆಬ್ರವರಿ ಮೊದಲ ವಾರದಲ್ಲಿ ಹೆಣ್ಣು ಕಾಯೋಟಿಯ ಒಂಟಿ ಊಳನ್ನು ಎರಡು ಸಲ ನುಡಿಸಿ ಸುಮ್ಮನಾದೆ. ಹನ್ನೊಂದು ನಿಮಿಷಕ್ಕೆ ಜೋಡಿಯೊಂದು ದಿಬ್ಬದ ಮೇಲೆ ನಿಂತು ಉತ್ತರ ಕೊಟ್ಟಿತು. ಅಷ್ಟು ಹತ್ತಿರದಿಂದ ಆ ದನಿ ಕೇಳಿದಾಗ, ನನ್ನ ಮರಿಗಳನ್ನು ತಿಂದ ಪ್ರಾಣಿಯೆಂಬ ಸಿಟ್ಟಿನ ನಡುವೆಯೂ, ಮೈ ಜುಮ್ಮೆಂದಿತು. ರಿಮೋಟಿನ ಪರದೆಯಲ್ಲಿ ಶಬ್ದದ ಹೆಸರು, ಎತ್ತರ, ಉಳಿದ ಚಾರ್ಜ್ ಎಲ್ಲವೂ ಕಾಣುತ್ತದೆ. ಆದರೆ ಮುಂಜಾನೆಯ ಕತ್ತಲಲ್ಲಿ ಆ ಪರದೆಯ ಬೆಳಕು ಮುಖಕ್ಕೆ ಬೀಳುತ್ತದೆ, ಅದನ್ನು ತಗ್ಗಿಸಲು ಪಟ್ಟಿಯೊಳಗೆ ಪಟ್ಟಿ ತೆರೆಯುತ್ತ ಹೋಗಬೇಕು. ನೂರಕ್ಕೂ ಹೆಚ್ಚು ಶಬ್ದಗಳಿದ್ದಾಗ ಇನ್ನೊಂದು ತೊಂದರೆ ಇದೆ: ಹತ್ತು ನಿಮಿಷ ಏನೂ ಬರದಿದ್ದರೆ ಕೈ ಸುಮ್ಮನಿರುವುದಿಲ್ಲ, ಮೊಲದಿಂದ ಹಂದಿಮರಿಗೆ, ಅಲ್ಲಿಂದ ಮರಕುಟಿಗಕ್ಕೆ ಶಬ್ದ ಬದಲಿಸುತ್ತಲೇ ಇರಬೇಕೆನ್ನಿಸುತ್ತದೆ. ಪ್ರಾಣಿ ದಾರಿಯಲ್ಲಿರುವಾಗ ಶಬ್ದ ಬದಲಿಸಿ ಕೆಡಿಸಿಕೊಂಡದ್ದು ನನಗೆ ಒಮ್ಮೆಯಾದರೂ ಖಚಿತವಾಗಿ ಗೊತ್ತು.

ಪೀಪಿಗೆ ಸೆಲ್ ಬೇಡ, ತೂಕವಿಲ್ಲ, ಕೆಡುವುದಿಲ್ಲ. ಅದಕ್ಕಿಂತ ದೊಡ್ಡ ಗುಣವೆಂದರೆ ಅದರ ಸ್ವರಕ್ಕೆ ಎದುರಿನ ಪ್ರಾಣಿಯ ನಡೆಯನ್ನು ನೋಡಿ ಮಾರ್ಪಡುವ ಜೀವವಿದೆ. ಹಕ್ಕಿಪಿಕ್ಕಿ ಜನ ಬಾಯಿಯಿಂದಲೇ ಹಕ್ಕಿಗಳ ದನಿ ಹೊರಡಿಸುತ್ತಿದ್ದುದನ್ನು ಬಾಲ್ಯದಲ್ಲಿ ಕೇಳಿ ಬೆರಗಾಗಿದ್ದವನು ನಾನು. ಆ ಬಗೆಯ ಕಲೆಯನ್ನು ಯಂತ್ರಕ್ಕೆ ತುಂಬಲಾಗದು. ಕಾಯೋಟಿ ಅನುಮಾನದಿಂದ ನಿಂತರೆ ಪೀಪಿಯ ದನಿಯನ್ನು ಸಾಯುವ ಮೊಲದ ಕೊನೆಯ ಉಸಿರಿನಷ್ಟು ಇಳಿಸಬಹುದು, ಅದು ತಿರುಗಿ ಹೊರಟರೆ ಒಮ್ಮೆಲೇ ಏರಿಸಬಹುದು. ಇಷ್ಟಾದರೂ ಪೀಪಿಯನ್ನೇ ನಂಬಿ ಕುಳಿತ ಹತ್ತು ಬೆಳಗುಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಅರಿವಾಯಿತು. ದನಿ ಎಲ್ಲಿಂದ ಬರುತ್ತದೆಯೋ ಪ್ರಾಣಿಯ ಕಣ್ಣು ಅಲ್ಲಿಗೇ ನೆಟ್ಟಿರುತ್ತದೆ, ಪೀಪಿಯ ದನಿ ಬರುವುದು ನನ್ನ ಮುಖದಿಂದ. ಬಂದೂಕು ಎತ್ತುವ ಅಲ್ಪ ಚಲನೆಯನ್ನೂ ಅವು ಕಂಡವು. ಬಂದ ಎರಡು ಕಾಯೋಟಿಗಳಲ್ಲಿ ಎರಡೂ ನನ್ನನ್ನು ನೋಡಿಯೇ ಹೋದವು. ಒಂದು ಕಾಡುಬೆಕ್ಕು ಮಾತ್ರ ಮುವ್ವತ್ತು ಗಜದವರೆಗೆ ಬಂದು ಬಹಳ ಹೊತ್ತು ಕುಳಿತಿತ್ತು. ಅದರಿಂದ ನನ್ನ ಮೇಕೆಗಳಿಗೆ ತೊಂದರೆಯಾಗಿರಲಿಲ್ಲವಾದ್ದರಿಂದ ಬಿಟ್ಟೆ.

ಅಗ್ಗದ ಯಂತ್ರ ತನ್ನ ಬೆಲೆಯನ್ನು ಹಿಂದಿರುಗಿಸುವುದು ಇಲ್ಲಿಯೇ, ನನ್ನ ಮಟ್ಟಿಗೆ ಇಡೀ ಹೋಲಿಕೆಯ ತಿರುಳೂ ಇದೇ. ಕೊಳ್ಳುವಾಗ ನಾವು ಶಬ್ದದ ಎತ್ತರ, ಶಬ್ದಗಳ ಸಂಖ್ಯೆ ಇವನ್ನು ನೋಡುತ್ತೇವೆ. ಆದರೆ ಕರೆಯಂತ್ರದ ಮುಖ್ಯ ಕೆಲಸ ದನಿಯನ್ನು ನಮ್ಮಿಂದ ದೂರ ಇಡುವುದು. ಕಾಯೋಟಿ ದನಿಯತ್ತ ನೇರವಾಗಿ ಬರುವುದು ಅಪರೂಪ. ವಾಸನೆ ಹಿಡಿಯಲು ಗಾಳಿ ಬೀಸಿ ಹೋಗುವ ಬದಿಗೆ ಸುತ್ತಿಕೊಂಡು ಬರುತ್ತದೆ. ಯಂತ್ರವನ್ನು ನನ್ನಿಂದ 50–60 ಗಜ ಆಚೆ, ಗಾಳಿಗೆ ಅಡ್ಡಲಾಗಿ ಇಟ್ಟರೆ, ಸುತ್ತಿಕೊಂಡು ಬರುವ ಪ್ರಾಣಿ ನನ್ನ ಮುಂದಿನ ತೆರಪನ್ನು ದಾಟಿಯೇ ಹೋಗಬೇಕು, ಆಗಲೂ ಅದರ ಕಣ್ಣು ಯಂತ್ರದ ಕಡೆ. ಈ ಕೆಲಸಕ್ಕೆ ರಿಮೋಟಿನ 160 ಗಜ ಧಾರಾಳವಾಯಿತು. ಅಗ್ಗದ ಯಂತ್ರಕ್ಕೆ 14 ಸಲದಲ್ಲಿ 4 ಕಾಯೋಟಿ ಬಂದವು, 2ನ್ನು ಹೊಡೆದೆ. ದುಬಾರಿಯದಕ್ಕೆ 12 ಸಲದಲ್ಲಿ 5 ಬಂದವು, 3ನ್ನು ಹೊಡೆದೆ. ಇಷ್ಟು ಕಡಿಮೆ ಎಣಿಕೆಯಿಂದ ಒಂದು ಗೆದ್ದಿತೆಂದು ತೀರ್ಪು ಕೊಡುವುದು ಸರಿಯಲ್ಲ. ದುಬಾರಿ ಯಂತ್ರದ ಐದರಲ್ಲಿ ಎರಡು ಊಳಿಗೆ ಬಂದ ಆ ಜೋಡಿ, ಉಳಿದ ಮೂರನ್ನು ಕರೆದ ಮೊಲದ ಅರಚು ಅಗ್ಗದ್ದರಲ್ಲಿಯೂ ಇದೆ ಎಂಬುದನ್ನಷ್ಟೇ ಗಮನಕ್ಕೆ ತರುತ್ತೇನೆ.

ಪೊದೆ, ದಿಬ್ಬಗಳ ನೆಲವಿದ್ದು ವರ್ಷಕ್ಕೆ ಹತ್ತಿಪ್ಪತ್ತು ಸಲ ಕರೆಯುವ ಮೇಕೆಗಾರರಿಗೆ 100 ಡಾಲರಿನದೇ ಸಾಕೆಂದು ನಾನು ಹೇಳುತ್ತೇನೆ. ಉಳಿದ ಹಣದಲ್ಲಿ ಬೇಲಿಯ ಬುಡಕ್ಕೆ ಇನ್ನೊಂದು ಸುತ್ತು ತಂತಿ ಹಾಕಿಸುವುದು ಮೇಲು. ಬಯಲು ಸೀಮೆಯವರು, ಗಾಳಿಯ ದಿನಗಳಲ್ಲಿಯೂ ಹೋಗಲೇಬೇಕಾದವರು, ಕೂಡುವ ಕಾಲದ ಊಳನ್ನು ನೆಚ್ಚಿಕೊಂಡವರು ದುಬಾರಿಯದನ್ನು ಕೊಳ್ಳಲಿ. ನಾನು ನೆರೆಯವರ ಯಂತ್ರವನ್ನು ಮರಳಿಸಿದೆ. ಈಗ ಅಗ್ಗದ್ದನ್ನು ಕೊಂಬೆಗೆ ತೂಗಿಹಾಕಿ, ಪೀಪಿಯನ್ನು ಕೊರಳಿಗೆ ಕಟ್ಟಿಕೊಂಡು ಕೂರುತ್ತೇನೆ. ಪ್ರಾಣಿ ಕಣ್ಣಿಗೆ ಬೀಳುವವರೆಗೆ ಯಂತ್ರ, ಅದು ಅನುಮಾನಿಸಿ ನಿಂತಾಗ ಮಾತ್ರ ಯಂತ್ರ ನಿಲ್ಲಿಸಿ ತುಟಿಯಂಚಿನಲ್ಲಿ ಒಂದೆರಡು ಕೀರಲು.

ಮಾರ್ಚ್ ಮಧ್ಯಕ್ಕೆ ಕರೆಯುವುದನ್ನು ನಿಲ್ಲಿಸುತ್ತೇನೆ. ಅಷ್ಟರಲ್ಲಿ ನನ್ನ ಮರಿಗಳು ತಾಯಿಯ ಹಿಂದೆ ಓಡುವಷ್ಟು ಬಲಿತಿರುತ್ತವೆ, ಕಾಯೋಟಿಗಳು ಗುದ್ದು ಹುಡುಕುವ ದಿನಗಳು ಬಂದಿರುತ್ತವೆ. ಒಂದೇ ದನಿಯನ್ನು ವರ್ಷವಿಡೀ ಕೇಳಿಸಿದರೆ ಉಳಿದ ಪ್ರಾಣಿಗಳು ಅದನ್ನು ಕಲಿತುಬಿಡುತ್ತವೆ. ಯಂತ್ರದ ಸೆಲ್‌ಗಳನ್ನು ತೆಗೆದು, ಸ್ಪೀಕರಿನ ಜಾಲರಿಯ ಧೂಳು ಒರೆಸಿ, ಒಣ ಬಟ್ಟೆಯಲ್ಲಿ ಸುತ್ತಿ ಕೊಟ್ಟಿಗೆಯ ಅಟ್ಟದ ಮೇಲೆ ಇಡುತ್ತೇನೆ. ಅದರಲ್ಲೂ ಆಲ್ಕಲೈನ್ ಸೆಲ್ ಒಳಗೇ ಬಿಟ್ಟರೆ ಬೇಸಿಗೆಯ ಸೆಕೆಗೆ ಅದು ಸೋರಿ ಲೋಹದ ತುದಿಗಳನ್ನು ತಿಂದುಹಾಕಬಹುದು.