ಬ್ಯಾಕ್ ಇದೆ ಅಂತ ಹೆದರಿ ಕೋಚಿಂಗ್‌ಗೆ ದುಡ್ಡು ಕಟ್ಟಬೇಡಿ, ಮೊದಲು ಫಲಿತಾಂಶದ ಹಾಳೆ ಓದಿ

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಫಲಿತಾಂಶ ಬಂದ ವಾರ ಎಂಜಿನಿಯರಿಂಗ್ ಕಾಲೇಜುಗಳ ಸುತ್ತ ಒಂದು ವ್ಯಾಪಾರ ಜೋರಾಗಿ ನಡೆಯುತ್ತದೆ. ಬಸ್ ಸ್ಟಾಪಿನ ಕಂಬ, ಪಿಜಿ ಗೇಟು, ಕ್ಲಾಸಿನ ವಾಟ್ಸಾಪ್ ಗ್ರೂಪು, ಎಲ್ಲಿ ನೋಡಿದರೂ "ಬ್ಯಾಕ್ ಕ್ಲಿಯರ್ ಗ್ಯಾರಂಟಿ", ಅಂದರೆ ಪಾಸಾಗದೆ ಉಳಿದ ವಿಷಯ ಪಾಸು ಮಾಡಿಸುವ ಭರವಸೆ. ಈ ಮಾತನ್ನು ನಂಬಿದ ಒಂದು ಮನೆಯವರು 36,000 ರೂಪಾಯಿ ಕಳೆದುಕೊಂಡರು. ಅವರ ಮಗನಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು. ಹುಡುಗನ ಹೆಸರು, ಸೆಂಟರಿನ ಹೆಸರು ಎರಡೂ ಇಲ್ಲಿ ಬೇಡ. ಹೀಗೆ ನಡೆಸುವ ಸೆಂಟರ್ ಅದೊಂದೇ ಅಲ್ಲ.

ಹುಡುಗ ರಾಯಚೂರು ಕಡೆಯವನು. ಬೆಂಗಳೂರಿನಲ್ಲಿ ಕಂಪ್ಯೂಟರ್ ಸೈನ್ಸ್, 2022ರ ಸ್ಕೀಮ್, ಅಂದರೆ ಆ ವರ್ಷ ಜಾರಿಗೆ ಬಂದ ಪಠ್ಯಕ್ರಮ. ಮೂರನೇ ಸೆಮಿಸ್ಟರ್‌ನಲ್ಲಿ ಮೂರು ವಿಷಯ ಉಳಿದವು. ಮ್ಯಾಥ್ಸ್‌ನಲ್ಲಿ (ಬಿಸಿಎಸ್301) ಇಂಟರ್ನಲ್ಸ್ 24, ಪರೀಕ್ಷೆಯಲ್ಲಿ 9. ಡಿಜಿಟಲ್ ಡಿಸೈನ್ ಮತ್ತು ಕಂಪ್ಯೂಟರ್ ಆರ್ಗನೈಸೇಶನ್‌ನಲ್ಲಿ (ಬಿಸಿಎಸ್302) ಇಂಟರ್ನಲ್ಸ್ 31, ಪರೀಕ್ಷೆಯಲ್ಲಿ 14. ಡೇಟಾ ಸ್ಟ್ರಕ್ಚರ್ಸ್‌ನಲ್ಲಿ (ಬಿಸಿಎಸ್304) ಇಂಟರ್ನಲ್ಸ್ 17, ಮುಂದೆ "ಎನ್‌ಇ". ಸೆಂಟರಿನಲ್ಲಿ ಕೂತಿದ್ದ ಕೌನ್ಸೆಲರ್ ಈ ಅಂಕಿಗಳನ್ನು ನೋಡಲೇ ಇಲ್ಲ. "ಸರ್, ಮೂರು ಬ್ಯಾಕ್ ಇದೆ, ಹೀಗೇ ಬಿಟ್ಟರೆ ಇಯರ್ ಬ್ಯಾಕ್ ಆಗುತ್ತೆ" (ಮುಂದಿನ ವರ್ಷಕ್ಕೆ ಹೋಗಲಾಗದೆ ಒಂದು ವರ್ಷ ಹಾಳಾಗುತ್ತೆ) ಎಂದು ತಂದೆಗೆ ಹೇಳಿ ವಿಷಯಕ್ಕೆ 12,000ದಂತೆ ಮೂರಕ್ಕೂ ಹಣ ಕಟ್ಟಿಸಿಕೊಂಡರು.

ಆ ಹಾಳೆಯಲ್ಲಿದ್ದದ್ದು ಮೂರು ಬೇರೆ ಬೇರೆ ಕಾಯಿಲೆ. ಮೂರಕ್ಕೂ ಒಂದೇ ಮದ್ದು ಕೊಟ್ಟರು, ಅದೂ ತಪ್ಪು ಮದ್ದು.

2022ರ ಸ್ಕೀಮಿನ ಥಿಯರಿ ವಿಷಯದ ಲೆಕ್ಕ ಇದು. ಇಂಟರ್ನಲ್ಸ್ ಅಂದರೆ ಸಿಐಇ 50ಕ್ಕೆ, ಕನಿಷ್ಠ 20 ಬರಬೇಕು. ಸೆಮಿಸ್ಟರ್ ಪರೀಕ್ಷೆ ಅಂದರೆ ಎಸ್‌ಇಇ 100ಕ್ಕೆ ಬರೆಸಿ 50ಕ್ಕೆ ಇಳಿಸುತ್ತಾರೆ, ಅಲ್ಲಿ ಕನಿಷ್ಠ 18 ಬೇಕು. ಎರಡೂ ಸೇರಿ 40 ಆಗಬೇಕು. ಇವುಗಳಲ್ಲಿ ಯಾವುದು ತಪ್ಪಿತು ಎಂಬುದರ ಮೇಲೆ ಮುಂದಿನ ದಾರಿ ನಿಂತಿದೆ.

ಡೇಟಾ ಸ್ಟ್ರಕ್ಚರ್ಸ್‌ನಲ್ಲಿ ತಪ್ಪಿದ್ದು ಇಂಟರ್ನಲ್ಸ್. ಎನ್‌ಇ ಅಂದರೆ ಪರೀಕ್ಷೆಗೆ ಅರ್ಹತೆಯೇ ಇಲ್ಲ. ಆ ವಿಷಯಕ್ಕೆ ಕಾಲೇಜಿನಲ್ಲೇ ಮತ್ತೆ ನೋಂದಾಯಿಸಿ, ಟೆಸ್ಟು, ಅಸೈನ್‌ಮೆಂಟು ಬರೆದು ಸಿಐಇ ಗಳಿಸಬೇಕು. ಹೊರಗಿನ ಯಾವ ಸೆಂಟರೂ ಇಂಟರ್ನಲ್ಸ್‌ನ ಒಂದು ಅಂಕ ಕೊಡಿಸಲಾರದು. ಆ ಪರೀಕ್ಷೆಗೆ ಕೂರಲೇ ಆಗದ ಹುಡುಗನಿಗೆ ಪರೀಕ್ಷೆಯ ಕ್ರ್ಯಾಶ್ ಕೋರ್ಸ್ ಮಾರಿದರು. 12,000 ಅಲ್ಲಿಗೇ ಹೋಯಿತು.

ಬಿಸಿಎಸ್302ರಲ್ಲಿ ಪರೀಕ್ಷೆಯ 14 ಅಂದರೆ ನೂರಕ್ಕೆ ಸುಮಾರು 28. ಬೇಕಿದ್ದದ್ದು 35. ಏಳು ಅಂಕದ ದೂರ. ಇಂಥ ಕಡೆ ಮೊದಲು ಮಾಡಬೇಕಾದದ್ದು ಉತ್ತರಪತ್ರಿಕೆಯ ಫೋಟೊಕಾಪಿಗೆ ಅರ್ಜಿ ಹಾಕಿ, ಆ ವಿಷಯ ಕಲಿಸಿದ ಮೇಷ್ಟ್ರಿಗೆ ತೋರಿಸಿ, ಮರುಮೌಲ್ಯಮಾಪನಕ್ಕೆ ಹೋಗಬಹುದೇ ಎಂದು ಕೇಳುವುದು. ಇದಕ್ಕೆ ಫಲಿತಾಂಶ ಬಂದ ಮೇಲೆ ಕೆಲವೇ ದಿನಗಳ ಗಡುವು. ಹುಡುಗ ಆ ದಿನಗಳನ್ನು ಸೆಂಟರಿನ ಡೆಮೊ ಕ್ಲಾಸುಗಳಲ್ಲಿ ಕಳೆದ. ಗಡುವು ಮುಗಿದದ್ದು ಅವನಿಗೆ ಗೊತ್ತಾಗಲಿಲ್ಲ. ಗೊತ್ತು ಮಾಡಿಸಬೇಕೆಂದು ಅಲ್ಲಿ ಯಾರಿಗೂ ಅನ್ನಿಸಲಿಲ್ಲ.

ಕೋಚಿಂಗ್ ನಿಜವಾಗಿ ಉಪಯೋಗಕ್ಕೆ ಬರಬಹುದಾಗಿದ್ದದ್ದು ಮ್ಯಾಥ್ಸ್ ಒಂದರಲ್ಲೇ. ಹೆಚ್ಚು ಮೋಸವಾದದ್ದೂ ಅದರಲ್ಲೇ. ಒಂದು ಹಾಲಿನಲ್ಲಿ ಅರವತ್ತು ಜನ, 18, 21, 22 ಮೂರೂ ಸ್ಕೀಮಿನವರು ಒಟ್ಟಿಗೆ. "ಮೂರನೇ ಸೆಮ್ ಮ್ಯಾಥ್ಸ್" ಅಂದುಕೊಂಡು ನಾಲ್ಕು ವಾರ ಲಾಪ್ಲಾಸ್ ಟ್ರಾನ್ಸ್‌ಫಾರ್ಮ್, ಫೊರಿಯರ್ ಸೀರೀಸ್ ಮಾಡಿಸಿದರು. ಅದು 18ಎಂಎಟಿ31 ಮತ್ತು 21ಎಂಎಟಿ31ರ ಪಾಠ. 2022ರ ಸ್ಕೀಮಿನ ಕಂಪ್ಯೂಟರ್ ಸೈನ್ಸ್‌ನವರ ಬಿಸಿಎಸ್301ರಲ್ಲಿ ಇರುವುದು ಪ್ರಾಬಬಿಲಿಟಿ ಡಿಸ್ಟ್ರಿಬ್ಯೂಷನ್, ಮಾರ್ಕೊವ್ ಚೈನ್, ಸ್ಟ್ಯಾಟಿಸ್ಟಿಕಲ್ ಇನ್‌ಫರೆನ್ಸ್, ಅನೋವ (ಗುಂಪುಗಳ ಸರಾಸರಿ ಹೋಲಿಸುವ ಲೆಕ್ಕ). ಒಂದಕ್ಕೊಂದು ಸಂಬಂಧವಿಲ್ಲ. ಸಹಪಾಠಿಯೊಬ್ಬ ಹಳೇ ಪ್ರಶ್ನೆಪತ್ರಿಕೆ ತೋರಿಸಿದಾಗಲೇ ಹುಡುಗನಿಗೆ ಗೊತ್ತಾಗಿದ್ದು. ಅಷ್ಟರಲ್ಲಿ ಪರೀಕ್ಷೆಗೆ ಮೂರು ವಾರ ಉಳಿದಿತ್ತು.

ಇದು ಒಂದು ಸೆಂಟರಿನ ಮರೆವಲ್ಲ. 2022ರ ಸ್ಕೀಮಿನಲ್ಲಿ ಮೊದಲ ಸೆಮಿಸ್ಟರ್ ಮ್ಯಾಥ್ಸೇ ಬ್ರಾಂಚಿನ ಗುಂಪಿಗೆ ತಕ್ಕಂತೆ ಬೇರೆ ಬೇರೆ: ಬಿಎಂಎಟಿಎಸ್101 ಕಂಪ್ಯೂಟರ್ ಗುಂಪಿಗೆ, ಬಿಎಂಎಟಿಇ101 ಎಲೆಕ್ಟ್ರಿಕಲ್ ಗುಂಪಿಗೆ, ಬಿಎಂಎಟಿಎಂ101 ಮೆಕ್ಯಾನಿಕಲ್‌ಗೆ, ಬಿಎಂಎಟಿಸಿ101 ಸಿವಿಲ್‌ಗೆ. ಪ್ರತಿಯೊಂದಕ್ಕೂ ಬೇರೆ ಬ್ಯಾಚ್ ಮಾಡಿದರೆ ಸೆಂಟರಿಗೆ ಖರ್ಚು ಹೆಚ್ಚು. ಹಾಗಾಗಿ ಎಲ್ಲರನ್ನೂ ಒಂದೇ ಹಾಲಿಗೆ ತುಂಬುತ್ತಾರೆ. ಸೇರುವ ಮೊದಲು ವಿಷಯದ ಹೆಸರು ಹೇಳಬೇಡಿ, ಕೋಡ್ ಹೇಳಿ. ಆ ಕೋಡಿನ ಐದು ಮಾಡ್ಯೂಲಿನಲ್ಲಿ ಏನೇನಿದೆ ಎಂದು ಪಾಠ ಮಾಡುವವರನ್ನೇ ಕೇಳಿ, ರಿಸೆಪ್ಷನ್‌ನಲ್ಲಿ ಕೂತವರನ್ನಲ್ಲ. ತಡವರಿಸಿದರೆ ಎದ್ದು ಬನ್ನಿ.

ಇಯರ್ ಬ್ಯಾಕ್ ಬೆದರಿಕೆಯ ಬಗ್ಗೆ. ಬೆಸ ಸೆಮಿಸ್ಟರ್‌ನಿಂದ ಅದೇ ವರ್ಷದ ಸಮ ಸೆಮಿಸ್ಟರ್‌ಗೆ, ಅಂದರೆ ಮೂರರಿಂದ ನಾಲ್ಕಕ್ಕೆ ಹೋಗುವಾಗ, ಹಾಜರಾತಿ ಸರಿಯಿದ್ದರೆ ಬ್ಯಾಕ್‌ಗಳು ತಡೆಯುವುದಿಲ್ಲ. ತಡೆ ಬರುವುದು ವರ್ಷದಿಂದ ವರ್ಷಕ್ಕೆ ದಾಟುವಾಗ. ಆ ಮಿತಿ ಸ್ಕೀಮಿನಿಂದ ಸ್ಕೀಮಿಗೆ ಬದಲಾಗಿದೆ, ಆದ್ದರಿಂದ ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ನಿಮ್ಮ ಯುಎಸ್‌ಎನ್ (ವಿಟಿಯು ನೋಂದಣಿ ಸಂಖ್ಯೆ) ಕೊಟ್ಟು ಬರವಣಿಗೆಯಲ್ಲಿ ಕೇಳಿಕೊಳ್ಳಿ. ಮೂರನೇ ಸೆಮ್ ಫಲಿತಾಂಶ ಬಂದ ಮಾರನೇ ದಿನ "ಇಯರ್ ಬ್ಯಾಕ್" ಎಂದು ಹೆದರಿಸುವವರಿಗೆ ನಿಯಮ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಸುಳ್ಳು ಹೇಳುತ್ತಿದ್ದಾರೆ.

ಇನ್ನೊಂದು ಪೆಟ್ಟು ಯಾರೂ ಎಣಿಸದ ಕಡೆಯಿಂದ ಬಿತ್ತು. ಕೋಚಿಂಗ್ ಕ್ಲಾಸು ಬೆಳಿಗ್ಗೆ ಎಂಟರಿಂದ ಹನ್ನೊಂದು. ಕಾಲೇಜಿನ ಮೊದಲೆರಡು ಪೀರಿಯಡ್ ದಿನಾ ತಪ್ಪಿತು. ನಾಲ್ಕನೇ ಸೆಮಿಸ್ಟರ್‌ನ ಎರಡು ವಿಷಯಗಳಲ್ಲಿ ಹಾಜರಾತಿ 71ಕ್ಕೆ ಇಳಿಯಿತು. ವಿಟಿಯು ಕೇಳುವುದು ಶೇ 85. ತಕ್ಕ ಕಾರಣವಿದ್ದರೆ ಶೇ 10ರವರೆಗೆ ವಿನಾಯಿತಿ ಸಿಗಬಹುದು, ಅಂದರೆ 75ಕ್ಕಿಂತ ಕೆಳಗೆ ದಾರಿಯಿಲ್ಲ. ಹಳೇ ಬ್ಯಾಕ್ ತೆಗೆಯಲು ಹೋಗಿ ಹೊಸ ಎನ್‌ಇ ಎರಡು ಬಂದವು. ಕಾಲೇಜಿನ ಹೊತ್ತಿನಲ್ಲಿ ನಡೆಯುವ ಕೋಚಿಂಗ್ ಎಷ್ಟೇ ಚೆನ್ನಾಗಿದ್ದರೂ ಬೇಡ.

ಈಗ ಹಣದ ವಿಚಾರ. ಕೈಯಿಂದ ಕೊಟ್ಟದ್ದು 5,000, ಅದಕ್ಕೆ "ರಿಜಿಸ್ಟ್ರೇಶನ್, ನಾನ್ ರಿಫಂಡಬಲ್" ಎಂಬ ಚೀಟಿ. ಉಳಿದ 31,000ಕ್ಕೆ "ತಿಂಗಳಿಗೆ 3,100 ಕಂತು, ಬಡ್ಡಿ ಇಲ್ಲ" ಎಂದರು. ತಂದೆ ಅದನ್ನು ಸೆಂಟರಿನ ಕಂತು ಎಂದುಕೊಂಡರು. ನಿಜಕ್ಕೂ ಅದು ಒಂದು ಹಣಕಾಸು ಕಂಪನಿ ಅವರ ಹೆಸರಿಗೆ ಕೊಟ್ಟ ಸಾಲ. ಪ್ಯಾನ್, ಆಧಾರ್, ಎರಡು ಒಟಿಪಿ, ಬ್ಯಾಂಕ್ ಖಾತೆಯಿಂದ ತಾನೇ ಕಡಿತವಾಗುವ ಅನುಮತಿ, ಎಲ್ಲ ಹದಿನೈದು ನಿಮಿಷದಲ್ಲಿ ಮುಗಿಯಿತು. ಇಡೀ ಮೊತ್ತ ಮೊದಲೇ ಸೆಂಟರಿನ ಕೈ ಸೇರಿತು. ಹುಡುಗ ಕ್ಲಾಸು ಬಿಟ್ಟ ಮೇಲೂ ಕಂತು ಹೋಗುತ್ತಲೇ ಇದೆ, ಯಾಕೆಂದರೆ ಸಾಲ ಕೊಟ್ಟವರಿಗೂ ಪಾಠಕ್ಕೂ ಸಂಬಂಧವಿಲ್ಲ. ಒಟಿಪಿ ಕೇಳಿದ ಕೂಡಲೇ "ಇದು ಸಾಲವೇ? ಯಾರ ಹೆಸರಿಗೆ? ಕೊಡುವ ಕಂಪನಿ ಯಾವುದು?" ಎಂದು ಕೇಳಿ. ಡಿಜಿಟಲ್ ಸಾಲಕ್ಕೆ ರಿಸರ್ವ್ ಬ್ಯಾಂಕ್ ನಿಯಮದಂತೆ ಮುಖ್ಯಾಂಶಗಳ ಪತ್ರ ಕೊಡಲೇಬೇಕು. ಅದರಲ್ಲಿ ವಾರ್ಷಿಕ ಬಡ್ಡಿದರವೂ ದಂಡವಿಲ್ಲದೆ ಸಾಲ ಹಿಂದಿರುಗಿಸಬಹುದಾದ ಆರಂಭದ ದಿನಗಳೂ ಬರೆದಿರುತ್ತವೆ. ಮನೆಗೆ ಬಂದ ಮೇಲೆ ಅನುಮಾನ ಬಂದರೆ ಆ ದಿನಗಳೊಳಗೇ ಹೊರಬನ್ನಿ.

ಇದಕ್ಕಿಂತ ಕೆಟ್ಟದ್ದೊಂದಿದೆ. ಹುಡುಗ ಹಣ ವಾಪಸ್ ಕೇಳಲು ಹೋದಾಗ ಸೆಂಟರಿನ ಒಬ್ಬರು ಪಕ್ಕಕ್ಕೆ ಕರೆದು, ವಿಷಯಕ್ಕೆ 10,000 ಕೊಟ್ಟರೆ ರಿವ್ಯಾಲ್ಯುಯೇಶನ್‌ನಲ್ಲಿ ಮಾರ್ಕ್ಸ್ ಹಾಕಿಸುವುದಾಗಿ, ಆಗದಿದ್ದರೆ ಪೂರ್ತಿ ವಾಪಸ್ ಕೊಡುವುದಾಗಿ ಹೇಳಿದರಂತೆ. ಹಣ ವಾಪಸ್ ಬರುತ್ತದೆ ಎಂಬ ಮಾತೇ ನಂಬಿಕೆ ಹುಟ್ಟಿಸುತ್ತದೆ. ಲೆಕ್ಕ ಬಿಡಿಸಿ ನೋಡಿ. ಇಪ್ಪತ್ತು ಜನರಿಂದ ಹಣ ಪಡೆದು ಸುಮ್ಮನೆ ಕೂತರೂ ಮರುಮೌಲ್ಯಮಾಪನದಲ್ಲಿ ಕೆಲವರು ತಮ್ಮ ಉತ್ತರದ ಬಲದಿಂದಲೇ ಪಾಸಾಗುತ್ತಾರೆ. ಅವರ ಹಣ ಇಟ್ಟುಕೊಂಡು ಉಳಿದವರದ್ದು ಹಿಂದಿರುಗಿಸಿದರೆ ಸಾಕು, "ಮಾತಿಗೆ ತಪ್ಪದವರು" ಎಂಬ ಹೆಸರೂ ಬರುತ್ತದೆ. ವಿಟಿಯು ಉತ್ತರಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ತಿದ್ದಿಸುತ್ತದೆ, ತಿದ್ದುವವರಿಗೆ ಅದು ಯಾರ ಪತ್ರಿಕೆ ಎಂದು ಕಾಣುವುದಿಲ್ಲ. ಇಂಥವರಿಗೆ ಯುಎಸ್‌ಎನ್ ಕೂಡ ಕೊಡಬೇಡಿ. ಅಂಕ ಕೊಳ್ಳಲು ಹಣ ಕೊಟ್ಟವರು ಆಮೇಲೆ ದೂರು ಕೊಡಲೂ ಹಿಂಜರಿಯುತ್ತಾರೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ಈಗಾಗಲೇ ಹಣ ಕಟ್ಟಿ ಸಿಕ್ಕಿಬಿದ್ದವರು ಒಂದೇ ದಿನ ಎರಡು ಪತ್ರ ಕಳಿಸಿ, ಇಮೇಲಿನಲ್ಲಿ ಮತ್ತು ಸ್ಪೀಡ್ ಪೋಸ್ಟಿನಲ್ಲಿ. ಒಂದು ಸೆಂಟರಿಗೆ: ಯಾವ ಕೋಡಿಗೆ ಹಣ ಕಟ್ಟಿದ್ದು, ಏನು ಪಾಠ ಆಯಿತು, ಎಷ್ಟು ದಿನ ಆಯಿತು, ಎಷ್ಟು ಹಣ ವಾಪಸ್ ಬೇಕು. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳಿಗೆ ಹೊರಡಿಸಿದ ಮಾರ್ಗಸೂಚಿ 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕಡೆಗಳನ್ನು, ಕಾಲೇಜು ಮಟ್ಟದ ಪಾಠವನ್ನೂ ಸೇರಿಸಿ ಹೇಳುತ್ತದೆ. ಮಧ್ಯದಲ್ಲಿ ಬಿಟ್ಟವರಿಗೆ ಉಳಿದ ಅವಧಿಯ ಶುಲ್ಕವನ್ನು 10 ದಿನದಲ್ಲಿ ಹಿಂದಿರುಗಿಸಬೇಕು ಎಂಬ ಮಾತು ಅದರಲ್ಲಿದೆ. ಅದು ಮಾರ್ಗಸೂಚಿಯೇ ಹೊರತು ಕಾಯ್ದೆಯಲ್ಲ, ಆದರೂ ಪತ್ರದಲ್ಲಿ ಉಲ್ಲೇಖಿಸಿ. ಗ್ಯಾರಂಟಿ ಎಂದು ಅಚ್ಚಾದ ಪಾಂಪ್ಲೆಟ್, ವಾಟ್ಸಾಪ್ ಮಾತುಕತೆ ಅಳಿಸಬೇಡಿ. ಸುಳ್ಳು ಭರವಸೆಯ ಕೋಚಿಂಗ್ ಜಾಹೀರಾತುಗಳ ವಿರುದ್ಧ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೂ 2024ರ ನವೆಂಬರ್‌ನಲ್ಲಿ ಮಾರ್ಗಸೂಚಿ ತಂದಿದೆ.

ಎರಡನೇ ಪತ್ರ ಸಾಲ ಕೊಟ್ಟ ಕಂಪನಿಯ ದೂರು ವಿಭಾಗಕ್ಕೆ. 30 ದಿನದಲ್ಲಿ ಸರಿಯಾದ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು, ಸಹಾಯವಾಣಿ 14448. ಸಿಟ್ಟಿನಲ್ಲಿ ಕಂತು ನಿಲ್ಲಿಸಿಬಿಡಬೇಡಿ. ದಂಡ ಬೀಳುವುದೂ ಸಿಬಿಲ್ ಅಂಕ (ಸಾಲ ತೀರಿಸುವ ದಾಖಲೆಯ ಅಂಕ) ಇಳಿಯುವುದೂ ತಂದೆಯ ಹೆಸರಿನಲ್ಲಿ. ನಾಳೆ ಬೆಳೆಸಾಲಕ್ಕೆ ಬ್ಯಾಂಕಿಗೆ ಹೋದಾಗ ಅದು ಅಡ್ಡ ಬರುತ್ತದೆ. ಸೆಂಟರ್ ಬಗ್ಗದಿದ್ದರೆ ಗ್ರಾಹಕ ಸಹಾಯವಾಣಿ 1915, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷದವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು.

ಹಾಗಾದರೆ ಮ್ಯಾಥ್ಸ್ ಪಾಸಾಗುವುದು ಹೇಗೆ? ಹುಡುಗನ ಇಂಟರ್ನಲ್ಸ್ 24 ಉಳಿದೇ ಇರುತ್ತದೆ, ಪರೀಕ್ಷೆ ಮಾತ್ರ ಮತ್ತೆ ಬರೆದರೆ ಸಾಕು. ಅವನಿಗೆ ಬೇಕಾದದ್ದು ನೂರಕ್ಕೆ 35. ಪತ್ರಿಕೆಯಲ್ಲಿ ಹತ್ತು ಪ್ರಶ್ನೆ, ತಲಾ 20 ಅಂಕ, ಮಾಡ್ಯೂಲಿಗೆ ಎರಡು, ಅದರಲ್ಲಿ ಒಂದು ಪೂರ್ತಿ ಬರೆಯಬೇಕು. ಒಂದನೆಯದರ ಎ ಭಾಗ, ಎರಡನೆಯದರ ಬಿ ಭಾಗ ಎಂದು ಬೆರೆಸಿ ಬರೆದು ಅಂಕ ಕಳೆದುಕೊಳ್ಳುವವರು ಬಹಳ. ಮೂರು ಮಾಡ್ಯೂಲಿನಲ್ಲಿ ಹತ್ತತ್ತು ಬಂದರೂ 30 ಆಯಿತು, ಉಳಿದ ಎರಡರಲ್ಲಿ ಬಿಡಿ ಭಾಗಗಳಿಂದ ಐದು ಬೇಕು. ಅನೋವದಿಂದ ಶುರು ಮಾಡುವುದು ಒಳ್ಳೆಯದು, ಅಲ್ಲಿ ಹೊಸದಾಗಿ ಯೋಚಿಸುವುದು ಕಡಿಮೆ, ಕ್ರಮವೇ ಮುಖ್ಯ: ಊಹೆ (ಹೈಪಾಥಿಸಿಸ್) ಬರೆಯಿರಿ, ಒಟ್ಟು ಮೊತ್ತದ ವರ್ಗವನ್ನು ಸಂಖ್ಯೆಯಿಂದ ಭಾಗಿಸಿ ಕರೆಕ್ಷನ್ ಫ್ಯಾಕ್ಟರ್ ತೆಗೆಯಿರಿ, ಒಟ್ಟು, ಗುಂಪುಗಳ ನಡುವಿನ, ಗುಂಪಿನೊಳಗಿನ ವರ್ಗಮೊತ್ತ, ಆಮೇಲೆ ಕೋಷ್ಟಕ, ಎಫ್ ಅನುಪಾತ, ತೀರ್ಮಾನ. ನಡುವೆ ಕೂಡಿಸುವುದರಲ್ಲಿ ತಪ್ಪಾದರೂ ಹಂತಗಳಿಗೆ ಅಂಕ ಬರುತ್ತದೆ. ಆಮೇಲೆ ಮಾರ್ಕೊವ್ ಚೈನಿನ ಸ್ಥಿರ ಪ್ರಾಬಬಿಲಿಟಿ ವೆಕ್ಟರ್. ದಿನಕ್ಕೆ ಎರಡು ಲೆಕ್ಕ ಪುಸ್ತಕ ಮುಚ್ಚಿ ಬರೆದು, ಯಾರಾದರೂ ತಿದ್ದಿಕೊಡಬೇಕು. ಕೋಚಿಂಗ್‌ನಲ್ಲಿ ದುಡ್ಡಿಗೆ ತಕ್ಕದ್ದು ಏನಾದರೂ ಇದ್ದರೆ ಈ ತಿದ್ದಿಕೊಡುವ ಕೆಲಸವೇ. ಅರವತ್ತು ಜನರ ಹಾಲಿನಲ್ಲಿ ಅದು ಆಗುವುದಿಲ್ಲ.

ಅದು ಪುಕ್ಕಟೆಯಾಗಿ ಸಿಗುವ ಜಾಗ ನಿಮ್ಮ ಕಾಲೇಜೇ. ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆ) ಮಾನ್ಯತೆಗೆ ಹೋಗುವ ಕಾಲೇಜುಗಳು ಹಿಂದುಳಿದ ವಿದ್ಯಾರ್ಥಿಗಳಿಗೆ ರೆಮಿಡಿಯಲ್ ಕ್ಲಾಸ್, ಪ್ರತಿ ವಿದ್ಯಾರ್ಥಿಗೂ ಮೆಂಟರ್ ಎಂದು ದಾಖಲೆ ಇಡುತ್ತವೆ. ಅದು ಕಾಗದದ ಮೇಲಷ್ಟೇ ಇದ್ದರೆ, ಒಂದೇ ವಿಷಯ ಉಳಿದ ಐದಾರು ಜನ ಸೇರಿ ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಅವರಿಗೆ ಅರ್ಜಿ ಕೊಡಿ, ಕೋಡ್ ಬರೆದು, ವಾರಕ್ಕೆ ಎರಡು ಗಂಟೆ ಎಂದು ಕೇಳಿ. ಒಬ್ಬರಾಗಿ ಬಾಯಲ್ಲಿ ಕೇಳಿದ್ದಕ್ಕೂ ಆರು ಜನ ಬರೆದುಕೊಟ್ಟದ್ದಕ್ಕೂ ಬಹಳ ವ್ಯತ್ಯಾಸ.

ಮನೆಯಲ್ಲಿ ಹೇಳಲು ಹೆದರಿ ಒಬ್ಬರೇ ಸಾಲ ಮಾಡಿ ಸೇರಬೇಡಿ. ಹೇಳಲಾಗದಷ್ಟು ಭಾರ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಯಾವ ಹೊತ್ತಿಗೂ, ಕನ್ನಡದಲ್ಲೇ ಮಾತಾಡಬಹುದು. ತಂದೆತಾಯಂದಿರು ಫಲಿತಾಂಶದ ಹಾಳೆ ತೆಗೆದುಕೊಂಡು ಮೊದಲು ಕಾಲೇಜಿನ ಮೆಂಟರ್ ಹತ್ತಿರ ಹೋಗಿ, ಒಂದೊಂದು ಸಾಲಿನ ಮೇಲೂ ಬೆರಳಿಟ್ಟು, "ಇದರಲ್ಲಿ ತಪ್ಪಿದ್ದು ಇಂಟರ್ನಲ್ಸೋ ಪರೀಕ್ಷೆಯೋ, ಫೋಟೊಕಾಪಿಗೆ ಕೊನೇ ದಿನ ಯಾವತ್ತು?" ಎಂದು ಕೇಳಿ.