ಪ್ಲೇನರ್–ಗರಗಸ ಕಂಬೈಂಡ್ ಮಷೀನು: ಮಷೀನು ಅಂಗಡಿಯದು, ಟೇಬಲ್ ಕೂರಿಸುವ ಕೆಲಸ ನಿಮ್ಮದು

ಮೇಲೆ ಹಲಗೆಯ ಮೈ ಹೆರೆದು ಸಮಮಾಡುವ ಪ್ಲೇನರ್, ಪಕ್ಕದಲ್ಲಿ ಗರಗಸ, ಅದೇ ಶಾಫ್ಟಿನ ತುದಿಗೆ ಡ್ರಿಲ್ ಬಿಟ್ ಹಿಡಿಯುವ ಚಕ್. ಒಂದೇ ಮೋಟರಿನಲ್ಲಿ ಮೂರು ಕೆಲಸ ಮಾಡುವ ಎರಕದ ಕಬ್ಬಿಣದ ಈ ಕಂಬೈಂಡ್ ಮಷೀನು ನಮ್ಮ ಕಡೆಯ ಸಣ್ಣ ಮರಗೆಲಸದ ಶೆಡ್ಡುಗಳಿಗೆ ಹೊಸದಲ್ಲ. 9ರಿಂದ 12 ಇಂಚು ಅಗಲ, 2 ಎಚ್‌ಪಿ ಮೋಟರಿನ ಮಾದರಿಗಳ ಬಗ್ಗೆ ಈ ಮಾತು. ಜಾಗ ಉಳಿಯುತ್ತದೆ, ಕೆಲಸಕ್ಕೆ ಗಟ್ಟಿ. ಮೋಟರು, ಬೇರಿಂಗು ಕೆಟ್ಟರೆ ಊರಲ್ಲೇ ರಿಪೇರಿಯಾಗುತ್ತದೆ. ಹೆಚ್ಚಿನ ತಕರಾರು ಟೇಬಲ್ಲುಗಳದೇ: ಪ್ಲೇನರಿನ ಎರಡು, ಗರಗಸದ್ದು ಒಂದು. ಒಂದು ದಿನ ಕೂತು ಅವನ್ನು ಸರಿಮಾಡುವ ತಾಳ್ಮೆ ಇಲ್ಲದವರು ಇದನ್ನು ಕೊಳ್ಳದಿರುವುದು ಒಳ್ಳೆಯದು.

ಅಂಗಡಿಗೆ ಹೋಗುವಾಗ 3 ಅಡಿಯ ನಂಬಿಕಸ್ತ ಸ್ಟ್ರೇಟ್ ಎಡ್ಜ್ (ಅಂಚು ನೇರವಿರುವ ಪಟ್ಟಿ), ಸಂದು ಅಳೆಯುವ ಒಂದು ಫೀಲರ್ ಗೇಜ್ ಜೊತೆಗಿರಲಿ. ಮಾರುವವರು ತೂಕದ ಬಗ್ಗೆ ಹೇಳುತ್ತಾರೆ, ಹೊಳೆಯುವ ಪೇಂಟು ತೋರಿಸುತ್ತಾರೆ. ನೀವು ಮಾತ್ರ ಪ್ಲೇನರ್ ಟೇಬಲ್ಲಿನ ಹೊರತುದಿ ಹಿಡಿದು ಮೇಲಕ್ಕೆತ್ತಿ ನೋಡಿ. ಟಕ್ ಎಂದು ಅಲುಗಿದರೆ ಟೇಬಲ್ಲು ಏರಿಳಿಯುವ ಜಾರುದಾರಿಯನ್ನು ಬಿಗಿಹಿಡಿಯುವ ಗಿಬ್ ಪಟ್ಟಿ ಸಡಿಲವಿದೆ ಎಂದರ್ಥ. ಸ್ಕ್ರೂ ಬಿಗಿಮಾಡಿ ಇನ್ನೊಮ್ಮೆ ಎತ್ತಿ. ಆಗಲೂ ಅಲುಗಿದರೆ ಜಾರುದಾರಿಯನ್ನೇ ಸರಿಯಾಗಿ ಕೆತ್ತಿಲ್ಲ, ಅಂಥದ್ದು ಬೇಡ. ಒಂದೊಂದು ಟೇಬಲ್ಲಿನ ಮೇಲೂ ಸ್ಟ್ರೇಟ್ ಎಡ್ಜನ್ನು ಉದ್ದಕ್ಕೆ, ಆಮೇಲೆ ಮೂಲೆಯಿಂದ ಮೂಲೆಗೆ ಇಡಿ. ಟೇಬಲ್ಲು ವಾಲಿದ್ದರೆ ಅಡಿಗೆ ಶಿಮ್ (ತೆಳು ತಗಡಿನ ತುಂಡು) ಕೊಟ್ಟು ಎತ್ತಬಹುದು. ಟೇಬಲ್ಲೇ ಸೊಟ್ಟಗಿದ್ದರೆ ಗ್ರೈಂಡಿಂಗ್ ಶಾಪಿಗೇ ಹೊರಬೇಕು.

ಶೆಡ್ಡಿಗೆ ತಂದ ಮೇಲೆ ಮೊದಲ ಕೆಲಸ ನೆಲದ್ದು. ನಾಲ್ಕು ಕಾಲೂ ತಾನಾಗಿ ಕೂರುವಂತೆ ತಗಡಿನ ಪ್ಯಾಕಿಂಗ್ ಕೊಟ್ಟು, ಆಮೇಲಷ್ಟೇ ಬೋಲ್ಟ್ ಹಾಕಿ. ಎತ್ತರದಲ್ಲಿ ನಿಂತ ಕಾಲನ್ನು ಬೋಲ್ಟಿನಿಂದ ನೆಲಕ್ಕೆ ಎಳೆದರೆ ಬಾಡಿ ತಿರುಚಿಕೊಂಡು ಟೇಬಲ್ಲುಗಳನ್ನೂ ತಿರುಚುತ್ತದೆ. ಅಲೈನ್‌ಮೆಂಟ್ ಮುಗಿಸಿ ಕೊನೆಯಲ್ಲಿ ನೆಲಕ್ಕೆ ಬಿಗಿದವರು ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ.

ಇನ್ನು ಪ್ಲೇನರ್. ಕರೆಂಟ್ ತೆಗೆದು ಬೆಲ್ಟ್ ಕಳಚಿಡಿ. ಎಲ್ಲ ಅಳತೆಗೂ ಆಧಾರ ಬ್ಲೇಡುಗಳನ್ನು ಹಿಡಿದು ತಿರುಗುವ ಕಟರ್ ಬ್ಲಾಕಿನ ಮೈ, ಬ್ಲೇಡಿನ ಅಂಚಲ್ಲ. ಬ್ಲೇಡು ಇವತ್ತು ಇದ್ದಲ್ಲಿ ನಾಳೆ ಇರುವುದಿಲ್ಲ. ಮರ ಹೊರಬರುವ ಕಡೆಯ ಟೇಬಲ್ಲಿನ ಮೇಲಿಟ್ಟ ಸ್ಟ್ರೇಟ್ ಎಡ್ಜಿಗೂ ಬ್ಲಾಕಿನ ಮೈಗೂ ನಡುವಿನ ಸಂದನ್ನು ಎಡ–ಬಲ ಎರಡೂ ಬದಿಯಲ್ಲಿ ಅಳೆಯಿರಿ. ವ್ಯತ್ಯಾಸ 0.05 ಮಿ.ಮೀ. ಒಳಗಿದ್ದರೆ ಸಾಕು. ಈಗ ಬ್ಲೇಡು: ನೇರವಾದ ರೀಪಿನ ಒಂದು ತುಂಡನ್ನು ಅದೇ ಟೇಬಲ್ಲಿನ ಮೇಲೆ ಬ್ಲಾಕಿನತ್ತ ಚಾಚಿಟ್ಟು, ಬ್ಲಾಕನ್ನು ಕೈಯಲ್ಲೇ ತಿರುಗಿಸಿ. ಬ್ಲೇಡಿನ ತುದಿ ರೀಪನ್ನು ಸುಮಾರು 3 ಮಿ.ಮೀ. ಎಳೆದುಕೊಂಡು ಹೋಗಬೇಕು, ಎರಡೂ ಅಂಚಿನಲ್ಲಿ, ಪ್ರತಿ ಬ್ಲೇಡಿನಲ್ಲೂ ಒಂದೇ ಸಮ. ಟೇಬಲ್ಲು ಬ್ಲೇಡಿಗಿಂತ ಎತ್ತರವಾದರೆ ಹಲಗೆಯ ಮೂತಿ ಅದರ ಅಂಚಿಗೆ ಬಡಿದು ನಿಲ್ಲುತ್ತದೆ. ತಗ್ಗಾದರೆ ಹಲಗೆಯ ಬಾಲ ಬರುವಾಗ ಕೊನೆಯ ಎರಡು–ಮೂರು ಇಂಚಿನಲ್ಲಿ ಹಳ್ಳ ಬೀಳುತ್ತದೆ.

ಹೆಚ್ಚಿನವರು ಬಿಡುವುದು ಇದರ ಮುಂದಿನ ಹೆಜ್ಜೆ. ಮರ ಒಳಹೋಗುವ ಟೇಬಲ್ಲನ್ನು ಇನ್ನೊಂದರ ಮಟ್ಟಕ್ಕೇ ಏರಿಸಿ, ಎರಡರ ಮೇಲೂ ಸ್ಟ್ರೇಟ್ ಎಡ್ಜ್ ಅಡ್ಡಹಾಯುವಂತೆ ಇಟ್ಟು ಸಂದು ನೋಡಿ. ಸ್ಟ್ರೇಟ್ ಎಡ್ಜ್ ಮೇಲೆ ಅನುಮಾನವಿದ್ದರೆ ಎರಡು ಹಲಗೆಗಳ ಅಂಚನ್ನು ಪ್ಲೇನರಿನಲ್ಲಿ ಹೊಡೆದು ಒಂದಕ್ಕೊಂದು ಜೋಡಿಸಿ. ಈ ಜೋಡಿಯ ಮಧ್ಯಭಾಗದಲ್ಲಿ ಬೆಳಕು ಕಂಡರೆ ಟೇಬಲ್ಲುಗಳ ಹೊರತುದಿ ಇಳಿದಿದೆ. ತುದಿಗಳಲ್ಲಿ ಕಂಡರೆ ಹೊರತುದಿ ಎದ್ದಿದೆ. ಬಾಗಿಲ ಚೌಕಟ್ಟಿಗೆ ಆರಡಿಯ ಸಾಗುವಾನಿ ಹೊಡೆಯುವಾಗ ಈ ಕೂದಲೆಳೆಯ ತಪ್ಪೇ ಕೀಲಿನ ಸಂದಾಗಿ ಕಾಣುವುದು. ಹೊರತುದಿ ಇಳಿದಿದ್ದರೆ ಜಾರುದಾರಿಯ ಹೊರಗಿನ ಅಂಚಿಗೆ ಹಿತ್ತಾಳೆ ಶಿಮ್ ಕೊಡಿ. ಕೂರುವ ಜಾಗ 250 ಮಿ.ಮೀ., ಟೇಬಲ್ಲು 600 ಮಿ.ಮೀ. ಇದ್ದರೆ 0.1ರ ಶಿಮ್ ತುದಿಯನ್ನು ಸುಮಾರು 0.24 ಮಿ.ಮೀ. ಎತ್ತುತ್ತದೆ. ಹಾಗಾಗಿ ದಪ್ಪ ಪಟ್ಟಿ ತುರುಕಬೇಡಿ. ಒಂದೇ ಮೂಲೆ ಇಳಿದಿದ್ದರೆ ಆ ಬದಿಗೆ ಮಾತ್ರ. ಕಾಗದ ಬೇಡ, ಎಣ್ಣೆ ಕುಡಿದು ಮೆತ್ತಗಾಗುತ್ತದೆ.

ಗರಗಸದ ಟೇಬಲ್ಲು ಇಷ್ಟು ಸತಾಯಿಸುವುದಿಲ್ಲ. ಶಾಫ್ಟು ಪ್ಲೇನರಿನದೇ, ಅದನ್ನು ಸರಿಸುವಂತಿಲ್ಲ, ಸರಿಯಬೇಕಾದದ್ದು ಟೇಬಲ್ಲು. ಒಂದು ಹಲ್ಲಿಗೆ ಮಾರ್ಕರ್ ಗುರುತು ಹಾಕಿ ಟೇಬಲ್ಲಿನಲ್ಲಿ ಗೈಡ್ ಜಾರುವ ತೋಡಿನಿಂದ ಆ ಹಲ್ಲಿನ ದೂರವನ್ನು ಮುಂದೆ ಅಳೆಯಿರಿ. ಅದೇ ಹಲ್ಲನ್ನು ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ. ಹಲ್ಲು ಬದಲಾಯಿಸಿದರೆ ಬ್ಲೇಡಿನ ಸೊಟ್ಟವೂ ಲೆಕ್ಕಕ್ಕೆ ಸೇರುತ್ತದೆ. 0.1 ಮಿ.ಮೀ. ಮೀರಿದರೆ ಅಡಿಯ ಬೋಲ್ಟುಗಳಲ್ಲಿ ಒಂದನ್ನು ಬಿಟ್ಟು ಉಳಿದವನ್ನು ಸಡಿಲಿಸಿ, ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ. ಬಿಗಿಮಾಡುವಾಗ ಟೇಬಲ್ಲು ಮತ್ತೆ ಸರಿಯುತ್ತದೆ, ಆದ್ದರಿಂದ ಬಿಗಿದ ಮೇಲೂ ಅಳೆಯಿರಿ. ಬೇಲಿಯನ್ನು, ಅಂದರೆ ಫೆನ್ಸನ್ನು, ಕೊನೆಗೆ ಬ್ಲೇಡಿಗೆ ಸಮಾನಾಂತರವಾಗಿ ಕೂರಿಸಿ. ಬೇಲಿಗೂ ಬ್ಲೇಡಿಗೂ ನಡುವಿನ ಜಾಗ ಹಿಂದುಗಡೆ ಕೂದಲೆಳೆಯಷ್ಟು ಅಗಲವಿರಬಹುದು, ಕಿರಿದಾಗಬಾರದು. ಕಿರಿದಾದರೆ ಕೊರೆದ ಅಂಚು ಸುಟ್ಟು ಕಪ್ಪಾಗುತ್ತದೆ, ಮರ ಹಾರಿ ಎದೆಗೇ ಬರುತ್ತದೆ. ಬ್ಲೇಡಿನ ಹಿಂದೆ ಸೀಳು ತೆರೆದಿಡುವ ಕತ್ತಿಪಟ್ಟಿ ಇಲ್ಲದ ಮಷೀನಾದರೆ ಮೊದಲು ಅದನ್ನು ಹಾಕಿಸಿ.

ದೊಡ್ಡ ಕೊರತೆ ಇನ್ನೊಂದಿದೆ. ಎಲ್ಲವೂ ಒಂದೇ ಶಾಫ್ಟಾದ್ದರಿಂದ ಪ್ಲೇನರ್ ಓಡುವಾಗ ಗರಗಸವೂ ಸುತ್ತುತ್ತದೆ. ಹಲಗೆ ಹೊಡೆಯುವ ದಿನ ಗರಗಸದ ಬ್ಲೇಡು ಕಳಚಿಡಿ, ಸೀಳುವ ದಿನ ಬ್ಲಾಕಿನ ಮೇಲೆ ಮುಚ್ಚಳ ಹಾಕಿ.

ಕರಾವಳಿ, ಮಲೆನಾಡಿನವರಿಗೆ ತುಕ್ಕಿನ ಕಾಟ. ಟೇಬಲ್ಲಿಗೆ ಎಣ್ಣೆ ಬಳಿದರೆ ಮರಕ್ಕೆ ಕಲೆ, ಸಿಲಿಕೋನ್ ಹಾಕಿದರೆ ಪಾಲಿಶ್ ಹಿಡಿಯುವುದಿಲ್ಲ. ಪೇಸ್ಟ್ ವ್ಯಾಕ್ಸ್ ಒಂದು ಕೈ ತಿಕ್ಕಿ ಒರೆಸಿದರಾಯಿತು.